ಅನ್ನ ಬಿಟ್ಟ ಶಾಸ್ತ್ರಿಗಳು ಮತ್ತು ನನ್ನ ಶ್ರಾದ್ಧದ ಅಡುಗೆ

ಈಗ ಶ್ರಾದ್ಧದ ಅಡುಗೆಗೆ ಹೆಣ್ಣುಮಕ್ಕಳು ಸ್ಕೂಟರಿನಲ್ಲಿ ಬರುತ್ತಾರೆ. ಬರಲಿ, ನನಗೇನೂ ಹೊಟ್ಟೆಯುರಿಯಿಲ್ಲ. ಬಂದವರು ಮೊದಲು ಕೇಳುವುದು ಮಿಕ್ಸಿ ಎಲ್ಲಿದೆ ಎಂದು. ನಾನು ಈ ಕೆಲಸ ಹಿಡಿದ ಕಾಲದಲ್ಲಿ ಮೊದಲು ಕೇಳುತ್ತಿದ್ದುದು ನೀರು ಎಲ್ಲಿದೆ ಎಂದು. ನಾನಿದ್ದ ಇಟ್ಟಮಡುವಿನಿಂದ ಬಸ್ಸಿನಲ್ಲಿ ಬಂದ ಮೈ ಮಡಿಗೆ ಆಗದು. ಕೆಲಸದ ಮನೆಯ ಹಿತ್ತಲಲ್ಲಿ ಇನ್ನೊಂದು ಸಲ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಒಲೆ ಮುಂದೆ ಕೂರಬೇಕು. ಚಳಿಗಾಲದಲ್ಲಿ ಒಲೆ ಹತ್ತುವ ತನಕ ಹಲ್ಲು ಕಟಕಟ ಅನ್ನುತ್ತಿತ್ತು.

ನಮ್ಮ ಬೀದಿಯ ಹುಡುಗಿಯೊಬ್ಬಳು ಇದೇ ಕೆಲಸಕ್ಕೆ ಇಳಿದಿದ್ದಾಳೆ. "ಅಜ್ಜಿ, ನಿಮಗೆ ಗೊತ್ತಿರೋದನ್ನ ಬರ್ಕೊಡಿ" ಎಂದಳು. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದನ್ನು ಮೊಮ್ಮಗಳು ತಿದ್ದುತ್ತಾಳೆ. ಅಡುಗೆ ಆ ಹುಡುಗಿಗೆ ಬರುತ್ತದೆ, ಅದನ್ನು ನಾನು ಬರೆಯುವುದಿಲ್ಲ. ಅಡುಗೆ ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ.

ಶ್ರಾದ್ಧದ ಅಡುಗೆಯಲ್ಲಿ ರುಚಿ ನೋಡುವಂತಿಲ್ಲ. ಉಪ್ಪು ಕೈ ಅಳತೆ, ಬೆಂದದ್ದು ಮೂಗಿನ ಅಳತೆ. ಮೆಣಸಿನಕಾಯಿ ಇಲ್ಲ, ಕರಿಮೆಣಸು. ಆ ದಿನ ಬ್ರಾಹ್ಮಣರನ್ನು ಕರೆಯುತ್ತಾರೆ. ತೀರಿಹೋದವರ ಸ್ಥಾನದಲ್ಲಿ ಕೂತು ಉಣ್ಣುವವರು ಅವರು. ಹಿಂದಿನ ದಿನ ಒಪ್ಪತ್ತು ಮಾಡಿ, ಬೆಳಗ್ಗೆ ಬರಿಹೊಟ್ಟೆಯಲ್ಲಿ ಬರಬೇಕು. ಹೋಮ, ಮಂತ್ರ ಎಲ್ಲ ಮುಗಿದು ಎಲೆ ಹಾಕುವ ಹೊತ್ತಿಗೆ ಮಧ್ಯಾಹ್ನ ತಿರುಗಿರುತ್ತದೆ. ಅಲ್ಲಿಯವರೆಗೆ ಅಡುಗೆಮನೆಯಿಂದ ಒಂದು ಬೆಲ್ಲದ ಚೂರೂ ಹೊರಗೆ ಬರಬಾರದು. ಉಣ್ಣುವಾಗ ಮಾತಾಡಬಾರದು, ಬೇಕು ಬೇಡ ಎಲ್ಲ ಕೈಸನ್ನೆ. ಕೊನೆಗೆ ಮನೆಯ ಯಜಮಾನ ತೃಪ್ತಿಯಾಯಿತೇ ಎಂದು ಕೇಳುತ್ತಾನೆ. ಆಯಿತು ಎಂದು ಇವರು ಬಾಯಿಬಿಟ್ಟು ಹೇಳಬೇಕು. ಈ ಒಂದು ಮಾತಿಗಾಗಿ ಬೆಳಗಿನಿಂದ ಅಷ್ಟು ಹೊಗೆ.

ನನ್ನ ಮೇಲಿನವರು ಎಂದರೆ ಅನಂತಯ್ಯನವರು. ಜಯನಗರದ ಸುಮಾರು ಮನೆಗಳಿಗೆ ಅವರೇ ಪುರೋಹಿತರು. ಯಾವ ಮನೆಗೆ ಯಾವ ಅಡುಗೆಯವಳು, ಯಾವ ಬ್ರಾಹ್ಮಣರು ಎಂದು ಗೊತ್ತು ಮಾಡುವವರೂ ಅವರೇ. ನಶ್ಯ ಏರಿಸದೆ ಮಾತು ಶುರುಮಾಡುತ್ತಿರಲಿಲ್ಲ. ಒಂದು ಸಲ ನಾನು ಬೇಳೆಗೆ ಎರಡು ಸಲ ಉಪ್ಪು ಹಾಕಿಬಿಟ್ಟಿದ್ದೆ. ಬ್ರಾಹ್ಮಣರು ಮಾತಾಡುವಂತಿಲ್ಲವಲ್ಲ, ಮುಖ ಹುಳ್ಳಗೆ ಮಾಡಿಕೊಂಡು ಉಂಡರು. ಹೋಗುವಾಗ ಅನಂತಯ್ಯ ಬಾಗಿಲಲ್ಲಿ ನಿಂತು, "ರುಕ್ಕಮ್ಮ, ಇವತ್ತು ಪಿತೃಗಳಿಗೆ ಸಮುದ್ರಸ್ನಾನ ಮಾಡಿಸಿದ್ರಿ" ಎಂದರು. ಬೈಗುಳ ಅಷ್ಟೇ. ಮುಂದಿನ ವಾರ ಮತ್ತೆ ಕರೆದರು. ಒಳ್ಳೆಯವರೇ, ಆದರೆ ಜನ ಏನಂದಾರು ಎಂಬ ಭಯ ನಶ್ಯಕ್ಕಿಂತ ಹೆಚ್ಚು ಹಿಡಿದಿತ್ತು.

ಅವರು ಕರೆಯುತ್ತಿದ್ದ ಬ್ರಾಹ್ಮಣರಲ್ಲಿ ವೆಂಕಣ್ಣ ಶಾಸ್ತ್ರಿಗಳು ಒಬ್ಬರು. ಇಟ್ಟಮಡುವಿನಲ್ಲಿ ಅವರ ಹೆಂಚಿನ ಮನೆಯ ಹಿಂದಿನ ಕೋಣೆಯಲ್ಲಿ ನಾನು ಬಾಡಿಗೆಗೆ ಇದ್ದೆ. ಆದ್ದರಿಂದ ಅವರ ಮನೆಯ ಸುದ್ದಿ ನನಗೆ ಕಿವಿ ಕೊಡದಿದ್ದರೂ ಬರುತ್ತಿತ್ತು. ಶಾಸ್ತ್ರಿಗಳದು ದೊಡ್ಡ ಹೊಟ್ಟೆ, ಸಣ್ಣ ದನಿ. ಉಣ್ಣುವುದೇ ಅವರ ಉದ್ಯೋಗ ಎಂದು ನಾನು ಹೇಳಿದರೆ ಅವರೇ ನಗುತ್ತಿದ್ದರು. ಪೂಜೆ ಪುನಸ್ಕಾರ ಮಾಡಿಸುವಷ್ಟು ಮಂತ್ರ ಅವರಿಗೆ ಬಾರದು. ಆದರೆ ಶ್ರಾದ್ಧಕ್ಕೆ ಕೂರಲು ಅವರಿಗಿಂತ ಒಳ್ಳೆಯವರು ಸಿಗುತ್ತಿರಲಿಲ್ಲ. ಬಡಿಸಿದ್ದನ್ನು ಭಕ್ತಿಯಿಂದ ಉಣ್ಣುತ್ತಿದ್ದರು. ಮನೆಯವರಿಗೆ ತಮ್ಮ ಅಪ್ಪನೇ ಬಂದು ಉಂಡುಹೋದ ಹಾಗೆ ಅನ್ನಿಸುತ್ತಿತ್ತು.

ಅವರಿಗೆ ಸಕ್ಕರೆ ಕಾಯಿಲೆ ಬಂತು. ಕಾಲಿನ ಹೆಬ್ಬೆರಳಿಗೆ ಎಡವಿದ ಗಾಯ ಮಾಯಲೇ ಇಲ್ಲ. ಜಯನಗರದ ಡಾಕ್ಟರಮ್ಮ ನೋಡಿ, ಮಾತ್ರೆ ಕೊಟ್ಟು, ಅನ್ನ ಅರ್ಧ ಮಾಡಿ, ಸಿಹಿ ಮುಟ್ಟಬೇಡಿ ಎಂದರು. ಈಗಿನ ಹಾಗೆ ಬೆರಳು ಚುಚ್ಚಿ ನೋಡುವ ಯಂತ್ರ ಆಗ ಮನೆಗಳಲ್ಲಿ ಎಲ್ಲಿತ್ತು. ಗಾಜಿನ ಕೊಳವೆಯಲ್ಲಿ ನೀಲಿ ಔಷಧಿ ಹಾಕಿ, ನಾಲ್ಕು ತೊಟ್ಟು ಮೂತ್ರ ಬಿಟ್ಟು ಕಾಯಿಸಬೇಕು. ನೀಲಿ ಉಳಿದರೆ ಒಳ್ಳೆಯದು. ಹಸಿರು, ಹಳದಿ ಆದರೆ ಹೆಚ್ಚು. ಇಟ್ಟಿಗೆ ಬಣ್ಣ ಬಂದರೆ ತುಂಬ ಹೆಚ್ಚು. ಅವರ ಹೆಂಡತಿ ಕಮಲಮ್ಮ ನನಗಿಂತ ಮಡಿ. ಹಿತ್ತಲಲ್ಲಿ ಒಂದು ಹಳೇ ಸೀಮೆಎಣ್ಣೆ ಸ್ಟೌ ಅದಕ್ಕೇ ಅಂತ ಇಟ್ಟು, ಮೂಗಿಗೆ ಸೆರಗು ಹಿಡಿದು ಕಾಯಿಸಿ, ಆಮೇಲೆ ಸ್ನಾನ ಮಾಡುತ್ತಿದ್ದರು. ಬಣ್ಣ ಕೆಂಪಗಾದ ದಿನ ಒಳಗೆ ಕೇಳುವ ಹಾಗೆ ಕೂಗುತ್ತಿದ್ದರು.

"ಏನೂಂದ್ರೆ, ಇವತ್ತು ಕಾವಿ ಬಂದಿದೆ. ಸನ್ಯಾಸ ತಗೊಂಡು ಹೊರಟ್ಬಿಡಿ."

"ಎಲ್ಲಿಗೆ ಹೋಗ್ಲೆ?"

"ಎಲ್ಲಿ ಪಾಯಸ ಇಲ್ವೋ ಅಲ್ಲಿಗೆ."

ವರ್ಷವಿಡೀ ಹಸಿರು ಹಳದಿಯಲ್ಲಿ ಇರುತ್ತಿದ್ದದ್ದು ಗಣೇಶನ ಹಬ್ಬ ಕಳೆದು ಪಕ್ಷ ಮಾಸ ಬಂದರೆ ದಿನವೂ ಕಾವಿ. ಪಕ್ಷದಲ್ಲಿ ಶ್ರಾದ್ಧಗಳು ಒಂದರ ಹಿಂದೆ ಒಂದು. ದಿನಾ ಅನ್ನ, ದಿನಾ ಪಾಯಸ. "ಪ್ರತಿ ವರ್ಷ ಈ ತಿಂಗಳು ನಿಮಗೆ ಏನಾಗತ್ತೆ?" ಎಂದು ಡಾಕ್ಟರಮ್ಮ ಕೇಳಿದರೆ, "ಋತು ಬದಲಾಗತ್ತಲ್ಲ ತಾಯಿ" ಎನ್ನುತ್ತಿದ್ದರು ಶಾಸ್ತ್ರಿಗಳು. ಉದ್ಯೋಗದ ಗುಟ್ಟು ಬಿಟ್ಟುಕೊಡುವುದುಂಟೇ.

ಹೀಗಿರುವಾಗ ಅವರ ಅಣ್ಣನಿಗೆ ಇದೇ ಕಾಯಿಲೆಯಲ್ಲಿ ಕಾಲು ತೆಗೆದರು. ಶಾಸ್ತ್ರಿಗಳು ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದು ಜಗುಲಿಯಲ್ಲಿ ಕೂತರು. ಕಾಫಿ ಬೇಡ ಎಂದರು. ಮಾರನೇ ದಿನ ಬೆಳಗ್ಗೆ ದೇವರ ಮುಂದೆ ಸಂಕಲ್ಪದ ನೀರು ಬಿಟ್ಟು ಅನ್ನ ಬಿಟ್ಟುಬಿಟ್ಟರು. ಡಾಕ್ಟರಮ್ಮ ಹೇಳಿದ್ದು ಅರ್ಧ ಮಾಡಿ ಎಂದು. ಇವರು ವ್ರತ ಹಿಡಿದವರ ಹಾಗೆ ಪೂರ್ತಿ ಬಿಟ್ಟರು. ಕಾಶಿಗೆ ಹೋದವರು ಅಲ್ಲಿ ಒಂದು ತರಕಾರಿಯನ್ನೋ ಹಣ್ಣನ್ನೋ ಬಿಟ್ಟುಬರುತ್ತಾರೆ, ಹೆಚ್ಚಾಗಿ ತಮಗೆ ಸೇರದ್ದನ್ನು. ಹಾಗಲಕಾಯಿ ಬಿಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ. ಇಟ್ಟಮಡುವಿನಲ್ಲಿ ಕೂತು ಅನ್ನ ಬಿಟ್ಟವರನ್ನು ಇವರೊಬ್ಬರನ್ನೇ ಕಂಡದ್ದು.

ಅನ್ನ ಬಿಟ್ಟರೆ ನಮ್ಮವರು ಏನು ತಿನ್ನುತ್ತಾರೆ? ಉಪ್ಪಿಟ್ಟು, ಅವಲಕ್ಕಿ, ದೋಸೆ. ಅನ್ನ ತಿಂದರೆ ಊಟ, ಮಿಕ್ಕದ್ದು ತಿಂಡಿ, ತಿಂಡಿಗೆ ಲೆಕ್ಕವಿಲ್ಲ. ಸಕ್ಕರೆ ಕಾಯಿಲೆಯವರ ಎಷ್ಟೋ ಮನೆಗಳಲ್ಲಿ ರಾತ್ರಿ ಊಟ ಬಿಟ್ಟಿದ್ದೇವೆ ಎಂದು ಹೇಳಿಕೊಂಡು ತಟ್ಟೆ ತುಂಬ ಅವಲಕ್ಕಿ ತಿನ್ನುವುದನ್ನು ನೋಡಿದ್ದೇನೆ. ಶಾಸ್ತ್ರಿಗಳು ಹಾಗೆ ಮಾಡಲಿಲ್ಲ. ಅಕ್ಕಿಯದು, ಗೋಧಿಯದು, ರಾಗಿಯದು ಯಾವುದೂ ಬೇಡ ಎಂದರು. ಸೊಪ್ಪು, ಹಾಗಲಕಾಯಿ, ಪಡವಲಕಾಯಿ, ಮೊಸರು, ಕಡಲೆಕಾಯಿ, ತುಪ್ಪ, ತೆಂಗಿನಕಾಯಿ. ಕಮಲಮ್ಮ ಅತ್ತುಕೊಂಡೇ ಬಡಿಸಿದರು. ಶ್ರಾದ್ಧದ ಎಲೆಯ ಮೇಲೆ ಮಾತ್ರ ಒಂದು ಹಿಡಿ ಅನ್ನ ಬೆರಳಲ್ಲಿ ಕಲಸಿ ತಿಂದು, ಮಿಕ್ಕದ್ದಕ್ಕೆ ಕೈ ಅಡ್ಡ ಹಿಡಿಯತೊಡಗಿದರು.

ಹೊಟ್ಟೆ ಇಳಿಯಿತು. ಗಾಯ ಒಣಗಿತು. ಕೊಳವೆಯಲ್ಲಿ ನೀಲಿ ನೀಲಿಯಾಗೇ ಉಳಿಯಿತು. "ಹಸಿವೇ ಆಗಲ್ಲ ರುಕ್ಕಮ್ಮ, ವಿಚಿತ್ರ" ಎನ್ನುತ್ತಿದ್ದರು. ಒಂದೇ ಒಂದು ಜಗಳ, ಅವರ ಬಾಯಿಯ ವಾಸನೆಯದು. ಕೊಳೆತ ಬಾಳೆಹಣ್ಣಿನ ಹಾಗೆ ಒಂಥರಾ ಸಿಹಿ ವಾಸನೆ.

"ಎಲ್ಲಿ ಕದ್ದು ಬಾಳೆಹಣ್ಣು ತಿಂದ್ರಿ?" ಕಮಲಮ್ಮ ಕೇಳುತ್ತಿದ್ದರು.

"ನಿನ್ನಾಣೆ ತಿಂದಿಲ್ಲ ಕಣೆ."

"ನನ್ನಾಣೆ ಹಾಕ್ಬೇಡಿ, ನಾನು ಸಾಯ್ತೀನಿ."

ಡಾಕ್ಟರಮ್ಮನಿಗೆ ಒಂದು ಮಾತು ಹೇಳಿ ಬನ್ನಿ ಎಂದರೆ ಶಾಸ್ತ್ರಿಗಳು ಒಪ್ಪಲಿಲ್ಲ. ವ್ರತ ಹಿಡಿದದ್ದನ್ನು ಊರಿಗೆಲ್ಲ ಹೇಳಿಕೊಂಡರೆ ಅದರ ಫಲ ಹೋಗುತ್ತದಂತೆ. ಆದರೆ ಮಾತ್ರೆ ಮಾತ್ರ ಮೊದಲಿನಷ್ಟೇ ನುಂಗುತ್ತಿದ್ದರು, ಬೆಳಗ್ಗೆ ಎದ್ದ ಕೂಡಲೆ, ತಪ್ಪದೆ. ಅದೂ ಅವರಿಗೆ ವ್ರತವೇ.

ಜಯನಗರದ ಏಳನೇ ಬ್ಲಾಕಿನಲ್ಲಿ ಬ್ಯಾಂಕಿನ ರಾಮಮೂರ್ತಿಯವರ ಮನೆ. ಅವರ ತಂದೆಯ ಶ್ರಾದ್ಧ. ಅನಂತಯ್ಯ ಪುರೋಹಿತರು, ತಂದೆಯ ಸ್ಥಾನಕ್ಕೆ ಶಾಸ್ತ್ರಿಗಳು, ದೇವರ ಸ್ಥಾನಕ್ಕೆ ಇನ್ನೊಬ್ಬರು, ಅಡುಗೆ ನನ್ನದು. ಹೊಸ ಮನೆ, ಅಡುಗೆಮನೆಯಲ್ಲಿ ಗ್ಯಾಸಿನ ಒಲೆ. ಗ್ಯಾಸು ಮಡಿಗೆ ಆಗುತ್ತದೋ ಇಲ್ಲವೋ ಎಂದು ಅನಂತಯ್ಯ ಬಹಳ ಯೋಚನೆ ಮಾಡಿ, ಬೆಂಕಿಗೆ ಮೈಲಿಗೆ ಇಲ್ಲ ಎಂದು ತೀರ್ಮಾನ ಕೊಟ್ಟಿದ್ದರು. ನನಗಂತೂ ಹೊಗೆ ತಪ್ಪಿತು.

ಆ ದಿನ ಬಸ್ಸು ಕೆಟ್ಟು, ಶಾಸ್ತ್ರಿಗಳು ಬನಶಂಕರಿಯಿಂದ ಬಿಸಿಲಲ್ಲಿ ನಡೆದೇ ಬಂದಿದ್ದರು. ಹಿಂದಿನ ರಾತ್ರಿ ಊಟವಿಲ್ಲ, ಬೆಳಗ್ಗೆ ಏನೂ ಇಲ್ಲ. ಮಾತ್ರೆ ಮಾತ್ರ ನುಂಗಿಯಾಗಿತ್ತು. ರಾಮಮೂರ್ತಿ ಅವರ ಕಾಲು ತೊಳೆದು, ಹತ್ತಿರ ಬಗ್ಗಿ ಗಂಧ ಹಚ್ಚುವಾಗ ಥಟ್ಟನೆ ಮುಖ ಹಿಂದಕ್ಕೆ ತೆಗೆದರಂತೆ. ಸ್ವಲ್ಪ ಹೊತ್ತಿಗೆ ಅನಂತಯ್ಯನವರನ್ನು ಅಡುಗೆಮನೆಯ ಪಕ್ಕದ ಓಣಿಗೆ ಕರೆತಂದರು. ನಾನು ವಡೆ ಕರಿಯುತ್ತಿದ್ದೆ, ಎಲ್ಲ ಕೇಳಿಸಿತು.

"ಅವರು ತಗೊಂಡು ಬಂದಿದಾರೆ."

"ಏನು ತಗೊಂಡು?"

"ಏನು ಅಂತ ಬಿಡಿಸಿ ಹೇಳ್ಬೇಕಾ? ಬಾಯಿ ಸಾರಾಯಿ ಅಂಗಡಿ ಥರ ನಾರ್ತಾ ಇದೆ. ನಮ್ಮಪ್ಪನ ಜಾಗದಲ್ಲಿ ಇವರನ್ನ ಕೂರಿಸ್ತೀರಾ ನೀವು?"

"ಛೆ, ವೆಂಕಣ್ಣ ಅಂಥವನಲ್ಲ."

"ನೀವೇ ಹೋಗಿ ಮೂಸಿ ನೋಡಿ."

ಅನಂತಯ್ಯ ಹೋದರು. ಆ ಹೊತ್ತಿಗೆ ಶಾಸ್ತ್ರಿಗಳು ಮಣೆಯ ಮೇಲೆ ಓಲಾಡುತ್ತಿದ್ದರು. ನಾನು ಬಾಗಿಲಿಗೆ ಬಂದು ನೋಡಿದೆ. ಪಂಚೆ ಬೆವರಿಗೆ ಒದ್ದೆ, ಕೈ ನಡುಗುತ್ತಿದೆ, ಹೇಳಿಸಿದ ಮಂತ್ರ ಬಾಯಲ್ಲಿ ಕಲಸಿಕೊಂಡು ಬರುತ್ತಿದೆ. ನೋಡಿದವರು ಯಾರೇ ಆದರೂ ಕುಡಿದಿದ್ದಾರೆ ಎಂದೇ ಹೇಳುತ್ತಿದ್ದರು. ನನಗೂ ಕ್ಷಣಕಾಲ ಹಾಗೇ ಅನ್ನಿಸಿತು. ಅಣ್ಣನ ಕಾಲು ಹೋದ ದುಃಖಕ್ಕೆ ಕುಡಿತ ಕಲಿತರೋ ಏನೋ ಎಂದುಕೊಂಡೆ.

"ಏಳಯ್ಯ ವೆಂಕಣ್ಣ," ಎಂದರು ಅನಂತಯ್ಯ, ದನಿ ಏರಿಸದೆ. "ಮರ್ಯಾದೆಯಾಗಿ ಹೊರಗೆ ನಡಿ. ಆಮೇಲೆ ಮಾತಾಡೋಣ."

ಶಾಸ್ತ್ರಿಗಳು ಏಳಲು ನೋಡಿ ಗೋಡೆಗೆ ಒರಗಿದರು. ಹೊರಗೆ ಕಳಿಸಿದ್ದರೆ ಏಳನೇ ಬ್ಲಾಕಿನ ಯಾವುದೋ ಮರದ ಕೆಳಗೆ ಬಿದ್ದು, ಕುಡುಕ ಎಂದು ಜನ ದಾಟಿಕೊಂಡು ಹೋಗಿ, ಸಂಜೆಯ ಹೊತ್ತಿಗೆ ಮುಗಿದೇ ಹೋಗುತ್ತಿದ್ದರು. ಇದನ್ನು ಡಾಕ್ಟರಮ್ಮ ಆಮೇಲೆ ಹೇಳಿದ್ದು.

ಆಗ ಒಳಕೋಣೆಯಿಂದ ಶೇಷಮ್ಮ ಬಂದರು. ರಾಮಮೂರ್ತಿಯ ತಾಯಿ. ಆ ದಿನ ಶ್ರಾದ್ಧ ಅವರ ಗಂಡನದೇ. ವಿಧವೆಯರು ಆ ಹೊತ್ತಿನಲ್ಲಿ ಬ್ರಾಹ್ಮಣರ ಮುಂದೆ ಬರುವ ಪದ್ಧತಿಯಿಲ್ಲ. ಅವರು ನೇರವಾಗಿ ಬಂದು ಶಾಸ್ತ್ರಿಗಳ ಹಣೆ ಮುಟ್ಟಿದರು. ಅನಂತಯ್ಯ ಹಿಂದೆ ಸರಿದರು.

"ಕುಡಿದಿಲ್ಲ ಇವರು. ಸಕ್ಕರೆ ಇಳಿದಿದೆ. ನಮ್ಮೆಜಮಾನರಿಗೂ ಹೀಗೇ ಆಗ್ತಿತ್ತು, ಈ ಬೆವರು ನನಗೆ ಗೊತ್ತು. ರುಕ್ಕಮ್ಮ, ಬೆಲ್ಲದ ನೀರು ತನ್ನಿ."

ನಾನು ಅನಂತಯ್ಯನವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

"ಅಮ್ಮ, ನೈವೇದ್ಯಕ್ಕೆ ಮುಂಚೆ ಒಳಗಿಂದು ಹೊರಗೆ ಬರಬಾರದು. ಬ್ರಾಹ್ಮಣ ಬಾಯಿಗೆ ಹಾಕಿದ್ರೆ ಕರ್ಮವೇ ಕೆಡತ್ತೆ."

"ಕೆಡಲಿ. ಅವರಿಗೆ ನಾನು ಹೇಳ್ಕೋತೀನಿ."

"ಯಾರಿಗೆ?"

"ಇನ್ಯಾರಿಗೆ, ನಮ್ಮೆಜಮಾನರಿಗೆ. ಬದುಕಿದ್ದಾಗ ಎಷ್ಟೋ ಹೇಳಿದೀನಿ, ಇದೊಂದು ಹೆಚ್ಚಾಗಲ್ಲ."

ನಾನು ಪರಮಾನ್ನಕ್ಕೆ ಇಟ್ಟಿದ್ದ ಬೆಲ್ಲ ಕದಡಿ ತಂದೆ. ಶಾಸ್ತ್ರಿಗಳಿಗೆ ಅಷ್ಟು ಮಾತ್ರ ಪ್ರಜ್ಞೆ ಇತ್ತು ನೋಡಿ, ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದರು. ಎಲೆ ಹಾಕುವ ಮುಂಚೆ ಏನೂ ಬಾಯಿಗೆ ಹಾಕಬಾರದು ಎಂಬುದು ಅವರ ಮೈಯಲ್ಲಿ ಅಷ್ಟು ಇಳಿದಿತ್ತು. ಶೇಷಮ್ಮ ಅವರ ಗದ್ದ ಹಿಡಿದರು. "ಬಾಯಿ ತೆಗೀರಿ" ಎಂದರು. ಗಂಡನಿಗೆ ಹೇಳಿ ಅಭ್ಯಾಸವಿದ್ದ ದನಿ ಅದು. ಬಾಯಿ ತೆರೆಯಿತು.

ಒಂದು ಲೋಟ ಒಳಗೆ ಹೋದ ಮೇಲೆ ನಡುಕ ನಿಂತಿತು. ಇನ್ನೊಂದು ಲೋಟಕ್ಕೆ ಕಣ್ಣು ನಿಂತು, ಸುತ್ತಲೂ ನೋಡಿ, "ಕೆಟ್ಟಿತೇ?" ಎಂದರು. ಶ್ರಾದ್ಧದ ವಿಷಯ.

"ಕೆಟ್ಟಿತು, ಸುಮ್ನೆ ಮಲಗಿ" ಎಂದೆ ನಾನು.

ಅನಂತಯ್ಯ ನಶ್ಯ ಏರಿಸಿ, ಇಂಥ ಸಮಯಕ್ಕೂ ಶಾಸ್ತ್ರದಲ್ಲಿ ದಾರಿಯಿದೆ, ಬ್ರಾಹ್ಮಣನ ಜಾಗದಲ್ಲಿ ದರ್ಭೆಯ ಕಟ್ಟು ಇಟ್ಟು ನಡೆಸಬಹುದು ಎಂದರು. ಇಷ್ಟು ಹೊತ್ತು ಎಲ್ಲಿತ್ತು ನಿಮ್ಮ ದಾರಿ ಎಂದು ಕೇಳಿಬಿಟ್ಟೆ. ಅವರು ದರ್ಭೆ ಕಟ್ಟತೊಡಗಿದರು. ದರ್ಭೆಗೆ ಎಲೆ ಹಾಕಿ ಬಡಿಸಿದೆ. ಅದು ಬೇಡ ಅನ್ನಲಿಲ್ಲ, ಬೇಕು ಅನ್ನಲಿಲ್ಲ.

ಮಾರನೇ ದಿನ ಶಾಸ್ತ್ರಿಗಳನ್ನು ಕರೆದುಕೊಂಡು ಕಮಲಮ್ಮ, ನಾನು ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಎಲ್ಲ ಕೇಳಿ ತಲೆಗೆ ಕೈಹಚ್ಚಿದರು.

"ಅನ್ನ ಬಿಟ್ಟಿದೀನಿ ಅಂತ ನನಗ್ಯಾಕೆ ಹೇಳ್ಲಿಲ್ಲ ಶಾಸ್ತ್ರಿಗಳೇ?"

"ವ್ರತ ತಾಯಿ. ಹೇಳ್ಕೋಬಾರದು."

"ದೇವರಿಗೆ ಗುಟ್ಟು ಮಾಡಿ, ಡಾಕ್ಟರಿಗಲ್ಲ. ನಾನು ಮಾತ್ರೆ ಕೊಟ್ಟಿದ್ದು ಅನ್ನ ತಿನ್ನೋ ಮನುಷ್ಯನಿಗೆ. ಅನ್ನ ಹೋಯ್ತು, ಮಾತ್ರೆ ಅಷ್ಟೇ ಇತ್ತು, ಮೇಲೆ ಉಪವಾಸ, ಮೇಲೆ ನಡಿಗೆ. ಇನ್ನೇನಾಗತ್ತೆ?"

ಆಮೇಲೆ ಅವರು ನಮಗೆ ತಿಳಿಯುವ ಹಾಗೆ ಹೇಳಿದರು. ಶಾಸ್ತ್ರಿಗಳಂಥ ದಪ್ಪ ಮೈಯವರಲ್ಲಿ ಇನ್ಸುಲಿನ್ ಇರುತ್ತದಂತೆ, ಆದರೆ ಮೈ ಅದರ ಮಾತು ಕೇಳುವುದಿಲ್ಲವಂತೆ. ಅನ್ನ ಬಿಟ್ಟು ಮೈ ಇಳಿದಾಗ ಸ್ವಲ್ಪ ಕೇಳತೊಡಗುತ್ತದೆ. ಅನ್ನ ಸಿಗದ ಮೈ ತನ್ನ ಕೊಬ್ಬನ್ನೇ ಉರಿಸುತ್ತದೆ, ಬಾಯಿಯ ಆ ವಾಸನೆ ಅದರದು. ಇವರ ಮೂತ್ರಕ್ಕೆ ಯಾವುದೋ ಪುಡಿ ಹಾಕಿ ತೋರಿಸಿದರು, ತೆಳ್ಳಗೆ ನೇರಳೆ ಬಣ್ಣ ಬಂತು. "ಬಾಳೆಹಣ್ಣು ಅಲ್ವಾ ಹಾಗಾದ್ರೆ?" ಎಂದು ಕಮಲಮ್ಮ ಕೇಳಿದರು. ಅಲ್ಲ ಎಂದಾಗ ಗಂಡನ ಕಡೆ ತಿರುಗಲಿಲ್ಲ, ಆದರೆ ಸೆರಗಿನಿಂದ ಮುಖ ಒರೆಸಿಕೊಂಡರು.

ಇನ್ನೊಂದು ಮಾತನ್ನೂ ಅವರು ಒತ್ತಿ ಹೇಳಿದರು, ಅದನ್ನು ಓದುವವರು ನೆನಪಿಡಬೇಕು. ಹಿಂದಿನ ತಿಂಗಳು ಅವರ ಹತ್ತಿರ ಒಬ್ಬಳು ಸಣಕಲು ಹುಡುಗಿಯನ್ನು ಎತ್ತಿಕೊಂಡು ಬಂದಿದ್ದರಂತೆ. ಮೈಯಲ್ಲಿ ಇನ್ಸುಲಿನ್ನೇ ಇಲ್ಲದೆ, ದಿನಾ ಅದರ ಸೂಜಿ ಚುಚ್ಚಿಸಿಕೊಳ್ಳಬೇಕಾದವಳು. ಯಾರೋ ಅನ್ನ ಬಿಟ್ಟರೆ ಸೂಜಿ ಬೇಡ ಎಂದರೆಂದು ಮನೆಯವರು ಎರಡನ್ನೂ ನಿಲ್ಲಿಸಿದ್ದರು. ಅವಳ ಬಾಯಲ್ಲೂ ಇದೇ ವಾಸನೆ, ಆದರೆ ವಾಂತಿ, ಏದುಸಿರು. ಅವಳು ಉಳಿದದ್ದೇ ಹೆಚ್ಚು. ಒಂದೇ ವಾಸನೆ, ಇವರಿಗೆ ಒಂದು ಅರ್ಥ, ಅವಳಿಗೆ ಇನ್ನೊಂದು. "ಇವರನ್ನ ನೋಡಿ ಇನ್ಯಾರಿಗೂ ಬುದ್ಧಿ ಹೇಳ್ಬೇಡಿ ರುಕ್ಕಮ್ಮ" ಎಂದರು. ನಾನು ಹೇಳಿಲ್ಲ. ಈಗಲೂ ಹೇಳುತ್ತಿಲ್ಲ.

ಶಾಸ್ತ್ರಿಗಳಿಗೆ ಮಾತ್ರೆ ತೀರ ಕಡಿಮೆ ಮಾಡಿ, ಶ್ರಾದ್ಧದ ಬೆಳಗ್ಗೆ ಅದೂ ಬೇಡ ಎಂದರು. ಎಲೆಯ ಮೇಲೆ ಒಂದು ಹಿಡಿ ಅನ್ನ ಸಾಕು, ಪಾಯಸ ಬೆರಳಿಗೆ ಹತ್ತುವಷ್ಟು. ಹಾಗಲಕಾಯಿ, ಉದ್ದಿನ ವಡೆ, ಮೊಸರು, ತುಪ್ಪಕ್ಕೆ ಅಡ್ಡಿಯಿಲ್ಲ.

ಅಡ್ಡಿ ಬೇರೆ ಕಡೆಯಿಂದ ಬಂತು. ಕುಡಿದು ಶ್ರಾದ್ಧಕ್ಕೆ ಬಂದ ಬ್ರಾಹ್ಮಣ ಎಂಬ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಸಕ್ಕರೆ ಇಳಿದದ್ದು ಎಂಬ ಸುದ್ದಿ ಹಬ್ಬಲಿಲ್ಲ, ಅದರಲ್ಲಿ ರುಚಿಯಿಲ್ಲ. ಶಾಸ್ತ್ರಿಗಳನ್ನು ಯಾರೂ ಕರೆಯಲಿಲ್ಲ. ಬೆಳಗ್ಗೆ ಸ್ನಾನ ಮಾಡಿ, ಗಂಧ ಇಟ್ಟು, ಜಗುಲಿಯಲ್ಲಿ ಕೂರುತ್ತಿದ್ದರು. ನಾನು ಕೆಲಸಕ್ಕೆ ಹೊರಟಾಗ, "ಇವತ್ತು ಯಾರ ಮನೆ ರುಕ್ಕಮ್ಮ?" ಎಂದು ಕೇಳುತ್ತಿದ್ದರು. ಹೇಳುತ್ತಿದ್ದೆ. "ಅವರ ತಂದೆಗೆ ಗೊಜ್ಜು ಇಷ್ಟ, ಮರೀಬೇಡಿ" ಎನ್ನುತ್ತಿದ್ದರು. ಸತ್ತವರ ಇಷ್ಟಗಳೆಲ್ಲ ಅವರಿಗೆ ಗೊತ್ತು. ಇದೊಂದು ಉದ್ಯೋಗ ಬಿಟ್ಟರೆ ಅವರಿಗೆ ಬೇರೆ ಏನೂ ಬಾರದು.

ಪಕ್ಷ ಮಾಸ ಹತ್ತಿರ ಬಂತು. ಅದರಲ್ಲೂ ಕರೆಯದಿದ್ದರೆ ಶಾಸ್ತ್ರಿಗಳ ಕತೆ ಮುಗಿದ ಹಾಗೆ. ನಾನು ಅನಂತಯ್ಯನವರ ಮನೆಗೆ ಹೋಗಿ ಬಾಗಿಲಲ್ಲೇ ಕೇಳಿದೆ.

"ಅವರು ಕುಡೀಲಿಲ್ಲ ಅಂತ ನಿಮಗೆ ಗೊತ್ತಲ್ಲ?"

"ಗೊತ್ತಮ್ಮ."

"ಮತ್ತೆ?"

"ನನಗೆ ಗೊತ್ತಿದ್ದು ಏನ್ ಪ್ರಯೋಜನ? ಜನಕ್ಕೆ ಗೊತ್ತಿರ್ಬೇಕು. ಅದೂ ಅಲ್ದೆ, ಹಿಡಿ ಅನ್ನ ತಿಂದು ಕೈ ಅಡ್ಡ ಹಿಡಿಯೋ ಬ್ರಾಹ್ಮಣನ್ನ ಕರ್ಕೊಂಡು ಹೋದ್ರೆ, ನಮ್ಮಪ್ಪ ಅರೆಹೊಟ್ಟೇಲಿ ಎದ್ದುಹೋದ ಅಂತಾರೆ ಮನೆಯವರು. ಏನು ಹೇಳ್ಲಿ ಅವರಿಗೆ?"

 ವಾಪಸ್ಸು ಬಂದೆ.

ಅದಾದ ಕೆಲವು ದಿನಕ್ಕೆ ರಾಮಮೂರ್ತಿ ಸ್ಕೂಟರಿನಲ್ಲಿ ಇಟ್ಟಮಡುವಿಗೆ ಬಂದರು. ಮಳೆ ಬಂದು ನಮ್ಮ ಬೀದಿ ಕೆಸರು, ಬ್ಯಾಂಕಿನ ಬೂಟು ಮುಳುಗಿತ್ತು. ಜಗುಲಿಯ ಕೆಳಗೆ ನಿಂತು, ತಪ್ಪಾಯ್ತು ಗಿಪ್ಪಾಯ್ತು ಏನೂ ಹೇಳದೆ, "ಪಕ್ಷದ ಶ್ರಾದ್ಧಕ್ಕೆ ನೀವೇ ಬರಬೇಕಂತೆ. ಅಮ್ಮ ಹೇಳಿದ್ರು" ಎಂದು ಕರೆಯುವ ಮಂತ್ರಾಕ್ಷತೆ ಮುಂದೆ ಹಿಡಿದರು. ಶಾಸ್ತ್ರಿಗಳು ತೆಗೆದುಕೊಳ್ಳಲಿಲ್ಲ.

"ನಾನು ಅನ್ನ ತಿನ್ನಲ್ಲ, ತಿಳಿಸಿಬಿಡಿ ತಾಯಿಗೆ. ಒಂದು ಹಿಡಿ ಅಷ್ಟೇ. ಆಮೇಲೆ ಕೊರತೆ ಆಯ್ತು ಅನ್ನಬಾರದು."

"ಅದೂ ಗೊತ್ತಂತೆ."

ಆಗ ತೆಗೆದುಕೊಂಡರು. ರಾಮಮೂರ್ತಿ ಬೂಟು ಕೊಡವಿಕೊಂಡು ಹೋದರು.

ಆ ದಿನ ಅದೇ ಅಡುಗೆಮನೆ, ಅದೇ ಅನಂತಯ್ಯ. ಕಾಲು ತೊಳೆಯುವ ಮೊದಲೇ ನಾನು ಬಾಗಿಲಿಗೆ ಬಂದು, "ಮಾತ್ರೆ ನುಂಗಿದೀರಾ?" ಎಂದು ಕೇಳಿದೆ. ಇಲ್ಲ ಎಂದರು. ಎಲೆ ಹಾಕಿದೆವು. ತುದಿಯಲ್ಲಿ ಬೆರಳಿಗೆ ಹತ್ತುವಷ್ಟು ಪಾಯಸ, ಹಾಗಲಕಾಯಿ ಗೊಜ್ಜು, ಪಡವಲಕಾಯಿ, ಹೆಸರುಬೇಳೆ, ವಡೆ, ತುಪ್ಪ. ನಡುವೆ ಒಂದು ಹಿಡಿ ಅನ್ನ. ಆ ದೊಡ್ಡ ಎಲೆಯ ಮೇಲೆ ಮಗುವಿಗೆ ಬಡಿಸಿದ ಹಾಗೆ ಕಾಣುತ್ತಿತ್ತು. ಅನಂತಯ್ಯ ಎಲೆ ನೋಡಿ, ಬಾಗಿಲ ಕಡೆ ನೋಡಿ, ಮುಂದಿನ ಮಂತ್ರ ಹೇಳಿಸಿದರು. ಶಾಸ್ತ್ರಿಗಳು ಹಳೆಯ ಭಕ್ತಿಯಲ್ಲೇ ಉಂಡರು. ಅನ್ನದ ಪಾತ್ರೆ ಹಿಡಿದು ಹೋದೆ, ಕೈ ಅಡ್ಡ ಬಂತು. ವಡೆ ತಂದೆ, ಕೈ ಸರಿಯಿತು. ಮೊಸರಿಗೆ ಎಲೆ ಬಾಗಿಸಿ ತೋರಿಸಿದರು.

ಕೊನೆಗೆ ರಾಮಮೂರ್ತಿ ಕೈಮುಗಿದು ಕೇಳಿದರು, ತೃಪ್ತಿಯಾಯಿತೇ ಎಂದು. ಎಲ್ಲರೂ ಶಾಸ್ತ್ರಿಗಳ ಬಾಯಿ ನೋಡಿದೆವು. ಅವರು ಯಾವಾಗಿನ ಸಣ್ಣ ದನಿ ಬಿಟ್ಟು, ಬೀದಿಗೆ ಕೇಳುವ ಹಾಗೆ, ಆಯಿತು ಎಂದರು.

ಶೇಷಮ್ಮ ಬಾಗಿಲ ಹಿಂದೆ ನನ್ನ ಪಕ್ಕ ನಿಂತಿದ್ದರು. "ನಮ್ಮೆಜಮಾನರಿಗೂ ಕೊನೇಲಿ ಇಷ್ಟೇ ಬಡಿಸ್ತಿದ್ದೆ" ಎಂದರು. "ಸತ್ತ ಮೇಲೆ ಯಾಕೆ ರಾಶಿ ಹಾಕಿಸ್ತಿದ್ದೆನೋ, ನನಗೇ ಗೊತ್ತಿಲ್ಲ."

ಅಲ್ಲಿಂದ ಮನೆಗಳು ಒಂದೊಂದಾಗಿ ಮತ್ತೆ ತೆರೆದವು. ಎಲ್ಲವೂ ಅಲ್ಲ. ಕೆಲವರಿಗೆ ರಾಶಿ ಅನ್ನ ಉಣ್ಣುವವರೇ ಬೇಕಿತ್ತು, ಅವರಿಗೆ ಬೇರೆಯವರು ಸಿಕ್ಕರು. ನಾನು ಮಾತ್ರ ಆ ಮೇಲೆ ಯಾವ ಮನೆಗೆ ಹೋದರೂ ಕಾಲು ತೊಳೆಯುವ ಮುಂಚೆ, ಮಾತ್ರೆ ನುಂಗಿದ್ದೀರಾ ಎಂದು ಬ್ರಾಹ್ಮಣರನ್ನು ಕೇಳುವುದನ್ನು ಬಿಡಲಿಲ್ಲ. ಮೊದಮೊದಲು ಮುಖ ಸಿಂಡರಿಸಿದರು. ಆಮೇಲೆ ಒಬ್ಬೊಬ್ಬರೇ ಓಣಿಗೆ ಬಂದು, "ನನಗೂ ಇದೆ ರುಕ್ಕಮ್ಮ, ಯಾರಿಗೂ ಹೇಳ್ಬೇಡಿ" ಎನ್ನುತ್ತಿದ್ದರು. ಹುಡುಗಿ, ನೀನೂ ಕೇಳು. ಮಿಕ್ಸಿ ಎಲ್ಲಿದೆ ಎನ್ನುವುದಕ್ಕೆ ಮೊದಲು ಕೇಳು.

ಶಾಸ್ತ್ರಿಗಳ ಕಾಯಿಲೆ ವಾಸಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕಣ್ಣು ಮಂಜಾಯಿತು. ಕೆಲವು ವರ್ಷದ ಮೇಲೆ ಮಾತ್ರೆ ಮತ್ತೆ ಹೆಚ್ಚಿಸಬೇಕಾಯಿತು. ಒಂದು ಬೆಳಗ್ಗೆ ಜಗುಲಿಯಲ್ಲೇ ಎದೆ ಹಿಡಿದುಕೊಂಡು ಹೋದರು. ಹೋಗುವಾಗ ಎರಡೂ ಕಾಲು ಇದ್ದವು. ಅವರು ಬಯಸಿದ್ದು ಅಷ್ಟೇ.

ಅವರ ವರ್ಷದ ಶ್ರಾದ್ಧದ ಅಡುಗೆ ನಾನೇ ಮಾಡಿದೆ. ಅವರ ಸ್ಥಾನದಲ್ಲಿ ಕೂತವರು ಹೊಸಬರು, ಗಟ್ಟಿಮುಟ್ಟಾದವರು. ಮಾತ್ರೆ ಕೇಳಿದೆ, ಅಂಥದ್ದೇನೂ ಇಲ್ಲ ಎಂದರು. ರೂಢಿಯ ಕೈ, ಎಲೆಯ ನಡುವೆ ಒಂದು ಹಿಡಿ ಅನ್ನ ಹಾಕಿ, ತುದಿಗೆ ಬೆರಳಿನಷ್ಟು ಪಾಯಸ ಬಿಟ್ಟು ನಿಲ್ಲಿಸಿದೆ. ಬಾಗಿಲ ಹಿಂದಿನಿಂದ ಕಮಲಮ್ಮ ನೋಡುತ್ತಿದ್ದರು.

"ರುಕ್ಕಮ್ಮ, ಪಾಯಸ ತುಂಬಾ ಹಾಕಿ."

ಹಾಕಿದೆ.

"ಇನ್ನೊಂದು ಸೌಟು."

ಸೌಟು ಹಿಡಿದು ಬಗ್ಗಿದೆ. ಆ ಬ್ರಾಹ್ಮಣರು ಸಾಕೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರು.

"ಕೈ ತೆಗೀರಿ," ಎಂದರು ಕಮಲಮ್ಮ ಒಳಗಿನಿಂದ, "ಇನ್ನು ಪರವಾಗಿಲ್ಲ."

ಅವರು ಕೈ ತೆಗೆದರು. ನಾನು ಬಡಿಸಿದೆ.